ಕಳೆದುಹೋದ ಇಪ್ಪತ್ತು ನಿಮಿಷ: ಆಘಾತದ ನೆನಪು ಮತ್ತು ಸೈಕೆಡೆಲಿಕ್ ಚಿಕಿತ್ಸೆ

ಪ್ರಶ್ನೆ: ನನಗೆ 36 ವರ್ಷ. ಒಂಬತ್ತು ವರ್ಷದ ಹಿಂದೆ ರಾತ್ರಿ ಕಾರು ಓಡಿಸುತ್ತಿದ್ದಾಗ ಅಪಘಾತವಾಯಿತು. ಪಕ್ಕದ ಸೀಟಿನಲ್ಲಿದ್ದ ಗೆಳತಿ ತೀರಿಕೊಂಡಳು, ನನ್ನ ತಲೆಗೂ ಪೆಟ್ಟು ಬಿತ್ತು. ಎದುರಿನಿಂದ ಬಂದ ಹೆಡ್‌ಲೈಟ್ ನೆನಪಿದೆ, ಆಮೇಲೆ ಆಂಬುಲೆನ್ಸ್ ಒಳಗಿನ ದನಿಗಳು. ನಡುವಿನ ಇಪ್ಪತ್ತು ನಿಮಿಷ ಖಾಲಿ. ನಾನು ಬ್ರೇಕ್ ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಹಾಕಲಿಲ್ಲ ಎಂದೇ ಮನಸ್ಸು ಹೇಳುತ್ತದೆ. ಒಮ್ಮೆ ಮನೋಚಿಕಿತ್ಸೆಗೆ ಹೋಗಿದ್ದೆ. ಪ್ರತಿ ಸಲ ಅದನ್ನೇ ಹೇಳಿಸುತ್ತಿದ್ದರು, ನಾಲ್ಕನೇ ಭೇಟಿಗೆ ಬಿಟ್ಟುಬಿಟ್ಟೆ. ಈಗ ಒಂದೂವರೆ ವರ್ಷದಿಂದ ಸರ್ಟ್ರಲಿನ್ ಎಂಬ, ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಿದ್ದೆ ಬರುತ್ತದೆ, ಆದರೆ ಬೆಳಕು ಕಣ್ಣಿಗೆ ಬಿದ್ದರೆ ಇವತ್ತಿಗೂ ಮೈ ಬೆವರುತ್ತದೆ. ಸೈಕೆಡೆಲಿಕ್ ಔಷಧ, ಅಂದರೆ ಪ್ರಜ್ಞೆಯ ಸ್ಥಿತಿಯನ್ನೇ ಬದಲಿಸುವ ಔಷಧ ಕೊಟ್ಟು ಮಾಡುವ ಚಿಕಿತ್ಸೆಯ ಬಗ್ಗೆ ಓದಿದೆ. ಅದರಿಂದ ಆ ನೆನಪು ಅಳಿಸಿಹೋಗುತ್ತದೆಯೇ? ಮರೆತುಹೋದ ಭಾಗ ಹೊರಗೆ ಬರುತ್ತದೆಯೇ? ಪರಿಚಯದವರೊಬ್ಬರು ಗಿಡಮೂಲಿಕೆಯ ಕಷಾಯ ಕೊಡುವ ಶಿಬಿರಕ್ಕೆ ಕರೆಯುತ್ತಿದ್ದಾರೆ, ಎರಡು ವಾರ ಮೊದಲೇ ಮಾತ್ರೆ ನಿಲ್ಲಿಸಿದರೆ ಸಾಕು ಎನ್ನುತ್ತಾರೆ. ಹೋಗಲೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದೊಂದಕ್ಕೆ ಅಳೆದು ತೂಗಬೇಕಾದ್ದೇನೂ ಇಲ್ಲ. ಆ ಶಿಬಿರಕ್ಕೆ ಹೋಗಬೇಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಮೊದಲ ಎರಡು ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ ನೋಡಿ. ಒಂದರಲ್ಲಿ ನೀವು ಮರೆಯಲು ಬಯಸುತ್ತೀರಿ, ಇನ್ನೊಂದರಲ್ಲಿ ನೆನೆಯಲು. ಆಘಾತ ಹೊತ್ತವರಲ್ಲಿ ಈ ಎರಡೂ ಆಸೆಗಳು ಒಂದೇ ಮನೆಯಲ್ಲಿ ಜಗಳವಾಡುತ್ತ ಬದುಕುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಔಷಧಗಳು ಎರಡನ್ನೂ ಈಡೇರಿಸುವುದಿಲ್ಲ. ನೆನಪನ್ನು ಅಳಿಸುವುದಿಲ್ಲ, ಹೂತುಹೋದ ಸತ್ಯವನ್ನು ಅಗೆದು ತೆಗೆಯುವುದೂ ಇಲ್ಲ. ಅವುಗಳಿಂದ ಆಗಬಹುದಾದ ಕೆಲಸವೇ ಬೇರೆ. ಇರುವ ನೆನಪಿನ ಎದುರು ಓಡಿಹೋಗದೆ ಒಂದಷ್ಟು ಹೊತ್ತು ಕುಳಿತಿರಲು ಬಿಡುವುದು. ಕೇಳಲು ಸಣ್ಣದು. ಆದರೆ ನಾಲ್ಕನೇ ಭೇಟಿಗೆ ಚಿಕಿತ್ಸೆ ಬಿಟ್ಟು ಬಂದ ನಿಮಗೆ ಅದು ಎಷ್ಟು ದೊಡ್ಡದೆಂದು ನಾನು ಹೇಳಬೇಕಿಲ್ಲ.

ಸಾಮಾನ್ಯ ನೆನಪಿಗೆ ತಾರೀಖು ಇರುತ್ತದೆ. ಹತ್ತು ವರ್ಷದ ಹಿಂದಿನ ಮದುವೆಯೊಂದನ್ನು ನೆನೆದರೆ ಅದು ಹತ್ತು ವರ್ಷ ದೂರದಲ್ಲೇ ಕಾಣುತ್ತದೆ. ಆಘಾತದ ನೆನಪಿಗೆ ಈ ದೂರ ಇಲ್ಲ. ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗ ಹೆಡ್‌ಲೈಟ್ ಕಂಡ ಕೂಡಲೇ ಗಂಟೆ ಬಾರಿಸುತ್ತದೆ. ಅದು ಆಗ, ಇದು ಈಗ ಎಂದು ಸಮಾಧಾನ ಹೇಳಬೇಕಾದ ಮುಂಭಾಗದ ಮಿದುಳು ಬಾಯಿ ತೆರೆಯುವ ಹೊತ್ತಿಗೆ ಮೈ ಬೆವತಿರುತ್ತದೆ. ಹಗ್ಗವನ್ನು ಕಂಡು ಹಾವೆಂದು ಹಾರುವವನಿಗೆ ದೀಪ ಹಿಡಿದು ತೋರಿಸಿದರೆ ಭಯ ಹೋಗುತ್ತದೆ. ನಿಮ್ಮ ಕಷ್ಟ ಏನೆಂದರೆ ದೀಪ ಬರುವವರೆಗೆ ನಿಲ್ಲಲಾಗುವುದಿಲ್ಲ. ಪ್ರತಿ ಸಲ ಓಡಿಹೋಗುತ್ತೀರಿ, ಓಡಿದಷ್ಟೂ ಹಾವು ಬೆಳೆಯುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಮೂರನೇ ಆವೃತ್ತಿ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆಗೆ ಅಧಿಕೃತವಾಗಿ ಹೆಸರು ಕೊಟ್ಟಾಗಿನಿಂದಲೂ ಹೀಗೆ ದೂರ ಸರಿಯುವುದು ಅದರ ಮುಖ್ಯ ಲಕ್ಷಣಗಳಲ್ಲಿ ಒಂದು. ಕಾಯಿಲೆಯನ್ನು ಜೀವಂತ ಇಡುವುದರಲ್ಲಿ ಅದರ ಪಾಲೇ ದೊಡ್ಡದು ಎಂಬುದು ನನ್ನ ಅನುಭವ.

ಹಾಗಾಗಿ ಇಲ್ಲಿಯವರೆಗೆ ಕೆಲಸ ಮಾಡಿರುವ ಮನೋಚಿಕಿತ್ಸೆಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಓಡದೆ ನಿಲ್ಲಿಸುವ ಚಿಕಿತ್ಸೆಗಳೇ. ಎಡ್ನಾ ಫೋವಾ ರೂಪಿಸಿದ ದೀರ್ಘ ಒಡ್ಡಿಕೆಯ ಚಿಕಿತ್ಸೆಯಲ್ಲಿ ಘಟನೆಯನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ನೀವು ಹೋದದ್ದು ಬಹುಶಃ ಇದಕ್ಕೇ. ಇದು ಒಳ್ಳೆಯ ಚಿಕಿತ್ಸೆ, ಅನೇಕರಿಗೆ ಗುಣವಾಗಿದೆ. ಅರ್ಧಕ್ಕೆ ಬಿಡುವವರೂ ಕಡಿಮೆಯಿಲ್ಲ. ಕಾರಣ ಸರಳ: ನೆನಪನ್ನು ಮುಟ್ಟದಿದ್ದರೆ ಏನೂ ಬದಲಾಗದು, ಪೂರ್ತಿ ಮುಟ್ಟಿದರೆ ಮನಸ್ಸು ಕೊಚ್ಚಿಹೋಗುತ್ತದೆ, ಇಲ್ಲವೇ ಮರಗಟ್ಟುತ್ತದೆ. ನಡುವೆ ಒಂದು ಕಿರಿದಾದ ಪಟ್ಟಿ ಇದೆ. ಭಯ ಇದ್ದೂ ಯೋಚನೆ ನಡೆಯುವ ಸ್ಥಿತಿ. ಕೆಲವರಲ್ಲಿ ಆ ಪಟ್ಟಿ ಎಷ್ಟು ಕಿರಿದೆಂದರೆ ಚಿಕಿತ್ಸಕರು ಎಷ್ಟೇ ನುರಿತವರಾದರೂ ಕಾಲಿಡಲು ಜಾಗ ಸಿಗುವುದಿಲ್ಲ. ನೀವು ಬಿಟ್ಟು ಬಂದದ್ದನ್ನು ಸೋಲೆಂದು ಬರೆದಿಟ್ಟುಕೊಳ್ಳಬೇಡಿ ಎನ್ನುವುದು ಇದಕ್ಕೇ.

ಈಗ ಔಷಧಕ್ಕೆ ಬರೋಣ. ಪಿಟಿಎಸ್‌ಡಿಗಾಗಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಎಂಡಿಎಂಎ. ಪಾರ್ಟಿಗಳಲ್ಲಿ ಎಕ್ಸ್ಟಸಿ ಎಂದು ಮಾರುವ ಗುಳಿಗೆಯಲ್ಲಿ ಇದೆ ಎನ್ನಲಾಗುವ ಪದಾರ್ಥವೂ ಇದೇ, ಆದರೆ ಆ ಗುಳಿಗೆಯೊಳಗೆ ನಿಜವಾಗಿ ಏನಿದೆ ಎಂಬುದು ಮಾರಿದವನಿಗೂ ಗೊತ್ತಿರುವುದಿಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಎಂಡಿಎಂಎ ಎಲ್‌ಎಸ್‌ಡಿಯಂತೆ ಇಲ್ಲದ್ದನ್ನು ಕಾಣಿಸುವ ಸೈಕೆಡೆಲಿಕ್ ಅಲ್ಲ. ಅದರ ಗುಣವೇ ಬೇರೆ ಎಂದು ತೋರಿಸಲು ರಸಾಯನವಿಜ್ಞಾನಿ ಡೇವಿಡ್ ನಿಕೋಲ್ಸ್ ಎಂಟ್ಯಾಕ್ಟೊಜೆನ್ ಎಂಬ ಹೊಸ ಪದವನ್ನೇ ಕಟ್ಟಿದರು, ಒಳಗನ್ನು ಮುಟ್ಟಿಸುವಂಥದ್ದು ಎಂಬ ಅರ್ಥದಲ್ಲಿ. ಜರ್ಮನಿಯ ಮೆರ್ಕ್ ಕಂಪನಿ 1912ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿತ್ತು, ಬೇರೊಂದು ಔಷಧ ತಯಾರಿಯ ದಾರಿಯಲ್ಲಿ ಸಿಕ್ಕಿದ ಪದಾರ್ಥವಾಗಿ. ಮನಸ್ಸಿನ ಮೇಲೆ ಅದರ ಪರಿಣಾಮ ಗಮನಕ್ಕೆ ಬಂದದ್ದು 1970ರ ದಶಕದಲ್ಲಿ, ಅಲೆಕ್ಸಾಂಡರ್ ಶುಲ್ಗಿನ್ ಎಂಬ ರಸಾಯನವಿಜ್ಞಾನಿಯಿಂದ. ಅಮೆರಿಕದ ಕೆಲವು ಮನೋಚಿಕಿತ್ಸಕರು ಸದ್ದಿಲ್ಲದೆ ಬಳಸತೊಡಗಿದರು. 1985ರಲ್ಲಿ ಅಲ್ಲಿ ನಿಷೇಧ ಬಂತು. ಮರುವರ್ಷ ರಿಕ್ ಡಾಬ್ಲಿನ್ ಎಂಬವರು ಮ್ಯಾಪ್ಸ್ ಎಂಬ ಸಂಸ್ಥೆ ಕಟ್ಟಿ, ಇದನ್ನು ಮತ್ತೆ ವೈದ್ಯರ ಕೈಗೆ ತರುವ ಹಟ ಹಿಡಿದರು. ಆ ಹಟ ನಾಲ್ಕು ದಶಕ ನಡೆದಿದೆ.

ದೇಹದೊಳಗೆ ಆಗುವುದೇನು? ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಎಂಡಿಎಂಎ ನರಕೋಶಗಳಿಂದ ಒಮ್ಮೆಲೇ ಹೊರಗೆ ಸುರಿಸುತ್ತದೆ. ಜೊತೆಗೆ ಅಂಥವೇ ಆದ ನಾರ್‌ಎಪಿನೆಫ್ರಿನ್, ಡೋಪಮೈನ್ ಏರುತ್ತವೆ. ತಾಯಿ ಮಗುವಿನ ಬಾಂಧವ್ಯದಲ್ಲಿ ಹೆಸರು ಕೇಳಿಬರುವ ಆಕ್ಸಿಟೋಸಿನ್ ಕೂಡ ರಕ್ತದಲ್ಲಿ ಹೆಚ್ಚುತ್ತದೆ. ಇದರಿಂದ ಒಂದು ವಿಚಿತ್ರ ಸ್ಥಿತಿ ಹುಟ್ಟುತ್ತದೆ: ಎಚ್ಚರ ಪೂರ್ತಿ ಇದೆ, ಮಾತು ಇದೆ, ಎದುರಿರುವವರ ಮೇಲೆ ನಂಬಿಕೆ ಇದೆ, ಭಯ ಮಾತ್ರ ತಗ್ಗಿದೆ. ಮದ್ಯವೂ ನಿದ್ದೆಮಾತ್ರೆಯೂ ಭಯವನ್ನು ತಗ್ಗಿಸುತ್ತವೆ, ಆದರೆ ಜೊತೆಗೆ ಬುದ್ಧಿಯನ್ನೂ ಮಂಕು ಮಾಡುತ್ತವೆ. ಮಂಕಾದ ಮನಸ್ಸು ಏನನ್ನೂ ಹೊಸದಾಗಿ ಕಲಿಯದು. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಸಣ್ಣ ಪ್ರಯೋಗದಲ್ಲಿ ಆರೋಗ್ಯವಂತರಿಗೆ ಎಂಡಿಎಂಎ ಕೊಟ್ಟು, ಮಿದುಳಿನ ಸ್ಕ್ಯಾನ್ ಮಾಡುತ್ತ, ಬದುಕಿನ ಅತಿ ಕೆಟ್ಟ ಗಳಿಗೆಯನ್ನು ನೆನೆಯಲು ಹೇಳಿದರು. ನೆನಪು ಬಂತು, ಆದರೆ ಅದರ ಕಹಿ ಎಂದಿಗಿಂತ ಕಡಿಮೆ ಎನಿಸಿತು ಎಂದರು ಅವರು. ನಾನು ಹೇಳಿದ ಕಿರಿದಾದ ಪಟ್ಟಿ ಕೆಲವು ಗಂಟೆಗಳ ಮಟ್ಟಿಗೆ ಅಗಲವಾಗುತ್ತದೆ, ಅಷ್ಟೆ.

ನೆನಪನ್ನು ಅಳಿಸುತ್ತದೆ ಎಂಬ ಸುದ್ದಿ ಹುಟ್ಟಿದ್ದು ಬೇರೆ ಕಡೆಯಿಂದ ಎಂದು ನನ್ನ ಊಹೆ. 2000ದಲ್ಲಿ ನರವಿಜ್ಞಾನಿಗಳಾದ ಕರೀಂ ನಾದೆರ್, ಗ್ಲೆನ್ ಶಾಫಿ ಮತ್ತು ಜೋಸೆಫ್ ಲೆಡೂ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಸದ್ದಿಗೆ ಹೆದರಲು ಕಲಿತಿದ್ದ ಇಲಿಗಳಿಗೆ ಆ ಸದ್ದನ್ನು ಮತ್ತೆ ಕೇಳಿಸಿ, ನೆನಪು ಎದ್ದ ಹೊತ್ತಿನಲ್ಲಿ ಅಮಿಗ್ಡಲಾದೊಳಕ್ಕೆ ಪ್ರೋಟೀನ್ ತಯಾರಿ ತಡೆಯುವ ರಾಸಾಯನಿಕ ಹಾಕಿದರು. ಆಮೇಲೆ ಇಲಿಗಳ ಹೆದರಿಕೆ ಕುಗ್ಗಿತ್ತು. ಸದ್ದು ಕೇಳಿಸದೆ ಬರೀ ರಾಸಾಯನಿಕ ಹಾಕಿದಾಗ ಹಾಗಾಗಲಿಲ್ಲ. ಒಮ್ಮೆ ಗಟ್ಟಿಯಾದ ನೆನಪು ಕಲ್ಲಿನ ಮೇಲಿನ ಬರಹ ಎಂಬ ನಂಬಿಕೆಯನ್ನು ಇದು ಅಲುಗಿಸಿತು. ಹೊರಗೆ ತೆಗೆದಾಗ ನೆನಪು ಸ್ವಲ್ಪ ಹೊತ್ತು ಮೆದುವಾಗಿರುತ್ತದೆ, ಮತ್ತೆ ಗಟ್ಟಿಯಾಗುವಾಗ ಬದಲಾಗಿ ಕೂರಬಹುದು. ಸೈಕೆಡೆಲಿಕ್ ಚಿಕಿತ್ಸೆ ಈ ಬಾಗಿಲಿನಿಂದಲೇ ಕೆಲಸ ಮಾಡುತ್ತದೆಯೇ? ಇರಬಹುದು ಎನ್ನುತ್ತಾರೆ, ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಇನ್ನೊಂದು ಸುಳಿವು ನರವಿಜ್ಞಾನಿ ಗುಲ್ ಡೋಲೆನ್ ಅವರ ಪ್ರಯೋಗಾಲಯದ್ದು. ಎಳೆಯ ಇಲಿಗಳಲ್ಲಿ ಮಾತ್ರ ತೆರೆದಿರುವ ಸಾಮಾಜಿಕ ಕಲಿಕೆಯ ಒಂದು ಕಿಟಕಿ, ಎಂಡಿಎಂಎ ಕೊಟ್ಟಾಗ ಬೆಳೆದ ಇಲಿಗಳಲ್ಲೂ ತೆರೆಯಿತೆಂದು 2019ರಲ್ಲಿ ತೋರಿಸಿದರು. ಅಮಲು ಇಳಿದ ಮೇಲೂ ದಿನಗಟ್ಟಲೆ ಅದು ತೆರೆದೇ ಇತ್ತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರದ್ದು. ಆದರೂ ಗುಳಿಗೆಯ ದಿನಕ್ಕಿಂತ ಅದರ ನಂತರದ ವಾರಗಳು ಮುಖ್ಯ ಎಂದು ಅನುಭವಸ್ಥ ಚಿಕಿತ್ಸಕರು ಹೇಳುವ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ.

ಆ ದಿನ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದು ರಾತ್ರಿಯಲ್ಲಿ ಎಲ್ಲ ತೊಳೆದುಹೋಗುತ್ತದೆ ಎನ್ನುವವರ ಮಾತಿಗೂ ಇದಕ್ಕೂ ಎಷ್ಟು ಅಂತರ ನೋಡಿ. ದೊಡ್ಡ ಪ್ರಯೋಗಗಳಲ್ಲಿ ಮೊದಲು ತಲಾ ಒಂದೂವರೆ ಗಂಟೆಯ ಮೂರು ಭೇಟಿಗಳು, ಬರೀ ತಯಾರಿಗೆ. ಗುಳಿಗೆ ಇಲ್ಲ. ಮುಟ್ಟಬಹುದೇ, ಮುಟ್ಟುವುದಾದರೆ ಎಲ್ಲಿ, ಬೇಡ ಎನಿಸಿದರೆ ಏನು ಹೇಳಬೇಕು, ಅತ್ತರೆ ಏನು, ಎದ್ದು ಹೋಗಬೇಕೆನಿಸಿದರೆ ಏನು, ಎಲ್ಲವನ್ನೂ ಅಮಲಿಲ್ಲದ ಬುದ್ಧಿಯಲ್ಲಿ ಮೊದಲೇ ತೀರ್ಮಾನಿಸುವುದು. ಆಮೇಲೆ ಸುಮಾರು ಒಂದೊಂದು ತಿಂಗಳ ಅಂತರದಲ್ಲಿ ಮೂರು ಗುಳಿಗೆಯ ದಿನಗಳು, ಒಂದೊಂದೂ ಎಂಟು ಗಂಟೆ. ಪ್ರತಿ ಗುಳಿಗೆಯ ದಿನದ ನಂತರ ಮತ್ತೆ ಒಂದೂವರೆ ಗಂಟೆಯ ಮೂರು ಭೇಟಿ. ಲೆಕ್ಕ ಹಾಕಿದರೆ ಒಟ್ಟು 42 ಗಂಟೆ. ಅದರಲ್ಲಿ 18 ಗಂಟೆ ಯಾವ ಔಷಧವೂ ಇಲ್ಲದ ಮಾತು.

ಗುಳಿಗೆಯ ದಿನ ಆಸ್ಪತ್ರೆಯ ವಾಸನೆ ಇಲ್ಲದ ಕೋಣೆ, ಮಲಗಲು ಸೋಫಾ, ಕಣ್ಣಿಗೆ ಪಟ್ಟಿ, ಸಂಗೀತ, ಇಬ್ಬರು ಚಿಕಿತ್ಸಕರು. ರಕ್ತದೊತ್ತಡ ಆಗಾಗ ಅಳೆಯುತ್ತಾರೆ. ಚಿಕಿತ್ಸಕರು ಹೆಚ್ಚು ಮಾತಾಡುವುದಿಲ್ಲ. ಆಗ ಏನಾಯಿತು ಹೇಳಿ ಎಂದು ನಿಮ್ಮ ಹಿಂದಿನ ಚಿಕಿತ್ಸೆಯಂತೆ ಎಳೆಯುವುದೂ ಇಲ್ಲ. ನೆನಪು ತಾನಾಗಿ ಬಂದರೆ ಜೊತೆಗಿರುತ್ತಾರೆ. ಬಾರದಿದ್ದರೆ, ಒಂದು ಹಂತದಲ್ಲಿ, ಅತ್ತ ಒಮ್ಮೆ ನೋಡೋಣವೇ ಎಂದು ಮೆಲ್ಲಗೆ ಕೇಳುತ್ತಾರೆ. ಎಂಟು ಗಂಟೆ ಮೌನವಾಗಿ ಪಕ್ಕದಲ್ಲಿ ಕೂರುವುದು ಎಷ್ಟು ಕಷ್ಟದ ಕೆಲಸ ಎಂಬುದು ಕೂತವರಿಗೇ ಗೊತ್ತು. ಮಾತಾಡಿ ಸಹಾಯ ಮಾಡಿಯೇ ಅಭ್ಯಾಸವಾದ ನಮ್ಮಂಥವರಿಗೆ ಬಾಯಿಗೆ ಬೀಗ ಹಾಕಿಕೊಳ್ಳುವುದು ಒಂದು ವಿದ್ಯೆ. ಆನಂದದ ದಿನ ಅದು ಎಂದುಕೊಳ್ಳಬೇಡಿ. ಅಳು, ವಾಕರಿಕೆ, ಬಿಗಿದ ದವಡೆ, ಬೆವರು ಎಲ್ಲ ಇರುತ್ತವೆ, ಮರುದಿನ ಸುಸ್ತೂ ಇರುತ್ತದೆ.

ಫಲಿತಾಂಶ? ಔಷಧಕ್ಕೆ ಅನುಮತಿ ಕೇಳುವ ಮುಂಚಿನ ದೊಡ್ಡ ಪರೀಕ್ಷೆಗೆ ಮೂರನೇ ಹಂತ ಎನ್ನುತ್ತಾರೆ. 2021ರಲ್ಲಿ ಪ್ರಕಟವಾದ ಅಂಥ ಮೊದಲ ಪ್ರಯೋಗದಲ್ಲಿ 90 ಜನರಿದ್ದರು, ಎಲ್ಲರದೂ ತೀವ್ರ ಪಿಟಿಎಸ್‌ಡಿ. ಎಂಡಿಎಂಎ ಜೊತೆಗೆ ಚಿಕಿತ್ಸೆ ಪಡೆದವರಲ್ಲಿ ಶೇ. 67 ಮಂದಿಗೆ ಕೊನೆಯಲ್ಲಿ ಪಿಟಿಎಸ್‌ಡಿ ಎಂದು ಹೆಸರಿಡುವಷ್ಟು ಲಕ್ಷಣಗಳು ಉಳಿದಿರಲಿಲ್ಲ. ಹುಸಿ ಗುಳಿಗೆ ಪಡೆದವರಲ್ಲಿ ಈ ಪ್ರಮಾಣ ಶೇ. 32. 2023ರ ಎರಡನೇ ಪ್ರಯೋಗದಲ್ಲಿ 104 ಜನ, ಅಲ್ಲಿ ಶೇ. 71ಕ್ಕೆ ಎದುರು ಶೇ. 48. ಪತ್ರಿಕೆಗಳು ಎಂಡಿಎಂಎ ಪಡೆದವರ ಅಂಕಿಗಳನ್ನು ಎತ್ತಿ ಹಿಡಿದವು. ನನ್ನ ಕಣ್ಣು ಹೋದದ್ದು ಹುಸಿ ಗುಳಿಗೆಯವರ ಅಂಕಿಗಳ ಮೇಲೆ. ಗುಳಿಗೆಯಲ್ಲಿ ಏನೂ ಇಲ್ಲದಿದ್ದರೂ, ಇಬ್ಬರು ತರಬೇತಾದ ಚಿಕಿತ್ಸಕರು 42 ಗಂಟೆ ಆತುರವಿಲ್ಲದೆ ಜೊತೆಗಿದ್ದಾಗ ಒಂದು ಕಡೆ ಸುಮಾರು ಮೂರನೇ ಒಂದು ಭಾಗ, ಇನ್ನೊಂದು ಕಡೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಚೇತರಿಸಿಕೊಂಡರು! ಮಾಮೂಲಿ ಚಿಕಿತ್ಸೆಯಲ್ಲಿ ಎಷ್ಟು ಜನಕ್ಕೆ ಇಷ್ಟು ಹೊತ್ತು ಸಿಗುತ್ತದೆ?

ಇಷ್ಟಾದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಲಿಲ್ಲ. 2024ರ ಜೂನ್‌ನಲ್ಲಿ ಅದರ ಸಲಹಾ ಸಮಿತಿಯಲ್ಲಿ ಚಿಕಿತ್ಸೆ ಪರಿಣಾಮಕಾರಿ ಎಂದವರು ಇಬ್ಬರು, ಅಲ್ಲ ಎಂದವರು ಒಂಬತ್ತು ಮಂದಿ. ಅಪಾಯಕ್ಕಿಂತ ಪ್ರಯೋಜನ ಹೆಚ್ಚೇ ಎಂಬ ಪ್ರಶ್ನೆಗೆ ಹೌದು ಎಂದದ್ದು ಒಬ್ಬರೇ. ಆಗಸ್ಟ್‌ನಲ್ಲಿ ಸಂಸ್ಥೆ ಅರ್ಜಿಯನ್ನು ತಿರಸ್ಕರಿಸಿ, ಇನ್ನೊಂದು ಮೂರನೇ ಹಂತದ ಪ್ರಯೋಗ ಮಾಡಿ ಬನ್ನಿ ಎಂದಿತು. ಮುಖ್ಯ ಆಕ್ಷೇಪ ಬಗೆಹರಿಸಲು ಕಷ್ಟವಾದದ್ದು. ಔಷಧ ಪ್ರಯೋಗದಲ್ಲಿ ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಹುಸಿ ಎಂಬುದು ರೋಗಿಗೂ ಚಿಕಿತ್ಸಕರಿಗೂ ತಿಳಿಯಬಾರದು. ಎಂಡಿಎಂಎ ನುಂಗಿದವರಿಗೆ ಒಂದು ಗಂಟೆಯೊಳಗೆ ಗೊತ್ತಾಗಿಬಿಡುತ್ತದೆ. ಹುಸಿ ಗುಳಿಗೆಯವರಲ್ಲೂ ಹೆಚ್ಚಿನವರಿಗೆ ಗೊತ್ತಾಗುತ್ತದೆ, ನಿರಾಸೆಯ ಜೊತೆಗೆ. ವರ್ಷಗಟ್ಟಲೆ ಕಾದವರ ಆಸೆ, ನಿರಾಸೆ ಎರಡೂ ಆ ಅಂಕಿಗಳೊಳಗೆ ಸೇರಿಕೊಂಡಿವೆ. ಔಷಧದ ಪಾಲೆಷ್ಟು, ಆಸೆಯ ಪಾಲೆಷ್ಟು ಎಂದು ಬಿಡಿಸುವುದು ಹೇಗೆ? ಸಮಿತಿಯ ಅನುಮಾನ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಚಿಕಿತ್ಸೆ ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ನಿಜವೆಂದು ಸಾಬೀತಾಗಲು ಇನ್ನೂ ಕೆಲಸ ಬಾಕಿ ಇದೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಕೆನಡಾದಲ್ಲಿ ನಡೆದ ಎರಡನೇ ಹಂತದ ಪ್ರಯೋಗವೊಂದರಲ್ಲಿ ಚಿಕಿತ್ಸಕರು ರೋಗಿಯೊಂದಿಗೆ ಮಿತಿ ಮೀರಿ ನಡೆದುಕೊಂಡದ್ದು ವಿಡಿಯೊದಲ್ಲೇ ದಾಖಲಾಗಿತ್ತು. ಆ ಪ್ರಯೋಗದ ಮಾಹಿತಿ ಬಳಸಿದ್ದ ಮೂರು ಪ್ರಬಂಧಗಳನ್ನು ಸೈಕೋಫಾರ್ಮಕಾಲಜಿ ಪತ್ರಿಕೆ 2024ರ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡಿತು. ಎದುರಿರುವವರ ಮೇಲೆ ನಂಬಿಕೆ ಹುಟ್ಟಿಸುವುದೇ ಔಷಧದ ಗುಣ ಎಂದೆನಲ್ಲ, ಆ ನಂಬಿಕೆ ಅರ್ಹರು, ಅನರ್ಹರು ಎಂದು ನೋಡುವುದಿಲ್ಲ. ಬೇಲಿ, ಕ್ಯಾಮೆರಾ, ಮೇಲ್ವಿಚಾರಣೆ ಎಲ್ಲ ಇದ್ದ ಕಡೆಯೇ ಹೀಗಾಯಿತು.

ನಿಮ್ಮ ಇಪ್ಪತ್ತು ನಿಮಿಷದ ಮಾತಿಗೆ ಬರುತ್ತೇನೆ. ಪತ್ರದಲ್ಲಿ ಅತಿ ಮುಖ್ಯವಾದದ್ದು ಅದೇ ಎಂದು ನನಗನಿಸಿದೆ, ಹಾಗಾಗಿ ನಿಧಾನವಾಗಿ ಓದಿ. ನೆನಪು ಇಲ್ಲ ಎಂಬುದಕ್ಕೆ ಎರಡು ಅರ್ಥ ಇರಬಹುದು. ಬರೆದದ್ದು ಸಿಗುತ್ತಿಲ್ಲ ಎಂಬುದು ಒಂದು. ಬರೆದೇ ಇಲ್ಲ ಎಂಬುದು ಇನ್ನೊಂದು. ತಲೆಗೆ ಪೆಟ್ಟು ಬಿದ್ದಾಗ ಪೆಟ್ಟಿಗೆ ಸ್ವಲ್ಪ ಮುಂಚಿನ ಮತ್ತು ನಂತರದ ಹೊತ್ತಿನ ನೆನಪು ಗಟ್ಟಿಯಾಗದೇ ಹೋಗುವುದು ನರವೈದ್ಯರು ದಿನನಿತ್ಯ ಕಾಣುವ ಸಂಗತಿ. ನಿಮ್ಮದು ಬಹುಪಾಲು ಈ ಎರಡನೆಯ ಬಗೆ. ಅಂದರೆ ಮನಸ್ಸಿನ ಯಾವುದೋ ನೆಲಮಾಳಿಗೆಯಲ್ಲಿ ಆ ರಾತ್ರಿಯ ಚಿತ್ರ ಬೀಗ ಹಾಕಿ ಕೂತಿಲ್ಲ. ಅಲ್ಲಿ ಚಿತ್ರವೇ ಇಲ್ಲ. ಯಾವ ಔಷಧವೂ ಇಲ್ಲದ್ದನ್ನು ತರಲಾರದು.

ಆದರೆ ಖಾಲಿ ಜಾಗವನ್ನು ತುಂಬಬಲ್ಲದು. ಅಪಾಯ ಇರುವುದು ಇಲ್ಲೇ. 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ತೋರಿಸಿದರು. ನಿಮ್ಮ ವಿಷಯಕ್ಕೆ ಇಷ್ಟು ಹತ್ತಿರದ ಪ್ರಯೋಗ ಇನ್ನೊಂದಿಲ್ಲ. 50 ಜನಕ್ಕೆ, ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು ಕೇಳಿದರು. ಇನ್ನೂ 50 ಜನಕ್ಕೆ, ತಾಗಿದಾಗ ಎಂಬ ಸಪ್ಪೆ ಪದ ಬಳಸಿದರು. ವಾರದ ನಂತರ ಒಡೆದ ಗಾಜು ಕಂಡಿರಾ ಎಂಬ ಪ್ರಶ್ನೆ. ಅಪ್ಪಳಿಸಿದ ಎಂಬ ಪದ ಕೇಳಿದ್ದವರಲ್ಲಿ 16 ಮಂದಿ ಹೌದು ಎಂದರು, ಇನ್ನೊಂದು ಗುಂಪಿನಲ್ಲಿ 7. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಇವರು ಆರೋಗ್ಯವಂತ ವಿದ್ಯಾರ್ಥಿಗಳು, ಯಾವ ಅಮಲೂ ಇಲ್ಲ, ಬದಲಾದದ್ದು ಒಂದು ಕ್ರಿಯಾಪದ.

ಈಗ ಊಹಿಸಿ. ಒಂಬತ್ತು ವರ್ಷದಿಂದ, ಬ್ರೇಕ್ ಹಾಕಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಂದವರು ಕಣ್ಣಿಗೆ ಪಟ್ಟಿ ಕಟ್ಟಿ, ಔಷಧ ನುಂಗಿ, ಆ ರಾತ್ರಿಯನ್ನು ಹುಡುಕುತ್ತ ಮಲಗಿದರೆ ಏನು ಕಾಣಬಹುದು? ಎಲ್‌ಎಸ್‌ಡಿ ಪ್ರಭಾವದಲ್ಲಿ ಮನಸ್ಸು ಸೂಚನೆಗಳಿಗೆ ಹೆಚ್ಚು ಒಲಿಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಎಂಡಿಎಂಎ ಪ್ರಭಾವದಲ್ಲಿ ಭಾವನೆ ತುಂಬಿದ ವಿವರಗಳ ನೆನಪು ಚುರುಕಾಗುವ ಬದಲು ಮಸುಕಾಗುತ್ತದೆ ಎಂದೂ ಆರೋಗ್ಯವಂತರ ಮೇಲಿನ ಒಂದು ಅಧ್ಯಯನ ತೋರಿಸಿದೆ. ಅಂಥ ಹೊತ್ತಿನಲ್ಲಿ ಕಾಣುವ ದೃಶ್ಯಕ್ಕೆ ಬಣ್ಣ, ಸದ್ದು, ಖಚಿತತೆ ಎಲ್ಲ ಇರುತ್ತದೆ. ಕಾಲು ಬ್ರೇಕಿನ ಮೇಲೆ ಇರಲಿಲ್ಲ ಎಂದು ನೀವು ಕಂಡುಬಿಟ್ಟರೆ, ಅದು ನಿಮ್ಮ ಅಪರಾಧಭಾವ ಬಿಡಿಸಿದ ಚಿತ್ರವೆಂದು ಯಾರು ಹೇಳಿದರೂ ನೀವು ನಂಬುವುದಿಲ್ಲ. ಒಳ್ಳೆಯ ಚಿಕಿತ್ಸಕರು ಇದಕ್ಕೇ ತಯಾರಿಯ ದಿನಗಳಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ: ಇಲ್ಲಿ ಕಾಣುವುದು ನಿಮ್ಮ ಮನಸ್ಸಿನ ಸಂಗತಿ, ಘಟನೆಯ ಸಾಕ್ಷಿ ಅಲ್ಲ. ಕೆಟ್ಟವರು, ಹುಡುಕಿ, ಸತ್ಯ ಒಳಗೇ ಇದೆ ಎನ್ನುತ್ತಾರೆ.

ಎಲ್‌ಎಸ್‌ಡಿ ಹೆಸರು ಬಂತಲ್ಲ, ಈ ಕ್ಷೇತ್ರ ನಿನ್ನೆ ಮೊನ್ನೆಯದಲ್ಲ ಎಂಬುದನ್ನೂ ಸೇರಿಸುತ್ತೇನೆ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಯಾನ್ ಬಾಸ್ಟಿಯಾನ್ಸ್ ಎಂಬ ಮನೋವೈದ್ಯರು ನಾಜಿ ಶಿಬಿರಗಳಿಂದ ಬದುಕುಳಿದು ಬಂದವರಿಗೆ 1960ರ ದಶಕದಿಂದಲೇ ಎಲ್‌ಎಸ್‌ಡಿ ಕೊಟ್ಟು ಚಿಕಿತ್ಸೆ ನೀಡುತ್ತಿದ್ದರು. ಕೆಲವರು ಅವರನ್ನು ಜೀವ ಉಳಿಸಿದವರೆಂದು ನೆನೆದರು, ಕೆಲವರು ಹಳೆಯ ನರಕಕ್ಕೇ ಮರಳಿ ತಳ್ಳಿದರೆಂದು ದೂರಿದರು. ಹುಸಿ ಗುಳಿಗೆಯ ಹೋಲಿಕೆ ಇಲ್ಲದ ಚಿಕಿತ್ಸೆಯಲ್ಲಿ ಯಾರ ಮಾತು ಎಷ್ಟು ಸರಿ ಎಂದು ಇಂದು ತೂಗಲು ಬರುವುದಿಲ್ಲ. ಅಣಬೆಯ ಸೈಲೊಸೈಬಿನ್ ಖಿನ್ನತೆಗಾಗಿ ಸಾಕಷ್ಟು ಪರೀಕ್ಷೆಯಾಗಿದೆ, ಪಿಟಿಎಸ್‌ಡಿಗೆ ಇನ್ನೂ ಸಣ್ಣ ಪ್ರಯೋಗಗಳ ಹಂತ. ಅರಿವಳಿಕೆಗೆ ದಶಕಗಳಿಂದ ಬಳಸುವ ಕೆಟಮೀನ್ ಮೊದಲಿಗೆ ಆಸೆ ಹುಟ್ಟಿಸಿತು, ಆದರೆ ಸೈನಿಕರ ಮೇಲಿನ ದೊಡ್ಡ ಪ್ರಯೋಗದಲ್ಲಿ ಪಿಟಿಎಸ್‌ಡಿ ಲಕ್ಷಣಗಳ ವಿಷಯದಲ್ಲಿ ಹುಸಿ ಔಷಧವನ್ನು ಮೀರಿಸಲಿಲ್ಲ.

ಸದ್ಯ ಸಂಶೋಧನೆಯ ಹೊರಗೆ, ವೈದ್ಯರ ಚೀಟಿಯ ಮೇಲೆ ಪಿಟಿಎಸ್‌ಡಿಗೆ ಎಂಡಿಎಂಎ ಕೊಡಲು ರಾಷ್ಟ್ರಮಟ್ಟದಲ್ಲಿ ಮೊದಲು ದಾರಿ ತೆರೆದದ್ದು ಆಸ್ಟ್ರೇಲಿಯಾ, 2023ರ ಜುಲೈ 1ರಿಂದ. ಅಲ್ಲಿಯೂ ವಿಶೇಷ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ. ಸ್ವಿಟ್ಜರ್ಲೆಂಡ್ ಒಬ್ಬೊಬ್ಬ ರೋಗಿಗೆ ಪ್ರತ್ಯೇಕ ಪರವಾನಗಿ ಕೊಡುತ್ತದೆ. ಉಳಿದಂತೆ ಬಹುತೇಕ ಎಲ್ಲೆಡೆ ಇದು ನಿಷೇಧಿತ ಪದಾರ್ಥ.

ಶಿಬಿರದ ಕಷಾಯ ಏಕೆ ಬೇಡ ಎಂದೆ? ಅವರು ಕೊಡುವುದು ದಕ್ಷಿಣ ಅಮೆರಿಕದ ಅಯಾಹುವಾಸ್ಕ ಎಂಬ ಅಮಲಿನ ಕಷಾಯದ ಬಗೆಯದಾಗಿದ್ದರೆ ಅದರಲ್ಲಿರುವ ಬಳ್ಳಿಯಲ್ಲಿ ಹಾರ್ಮಿನ್, ಹಾರ್ಮಲಿನ್ ಎಂಬ ರಾಸಾಯನಿಕಗಳು ಇರುತ್ತವೆ. ಇವು ದೇಹದಲ್ಲಿ ಸೆರೊಟೋನಿನ್ ಅನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ನಿಮ್ಮ ಸರ್ಟ್ರಲಿನ್ ಅದೇ ಸೆರೊಟೋನಿನ್ ಅನ್ನು ನರಕೋಶ ಮತ್ತೆ ಒಳಗೆಳೆದುಕೊಳ್ಳದಂತೆ ತಡೆಯುತ್ತದೆ. ಒಂದು ತೂಬು ಮುಚ್ಚಿದ ಕೆರೆಗೆ ಇನ್ನೊಂದು ತೂಬನ್ನೂ ಮುಚ್ಚಿದ ಹಾಗೆ. ಜ್ವರ, ನಡುಕ, ಸ್ನಾಯು ಬಿಗಿತ, ಗೊಂದಲ, ಪ್ರಾಣಾಪಾಯದವರೆಗೂ ಹೋಗಬಹುದು. ಗಿಡಮೂಲಿಕೆ ಎಂಬ ಪದಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ, ಕಾಸರಕನ ವಿಷಬೀಜವೂ ಗಿಡದ್ದೇ. ಸರಿ, ಎರಡು ವಾರ ಮೊದಲೇ ಮಾತ್ರೆ ನಿಲ್ಲಿಸುತ್ತೇನೆ ಎನ್ನುತ್ತೀರಾ? ಒಂದೂವರೆ ವರ್ಷದ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ನಿದ್ದೆಗೇಡು ಶುರುವಾಗಬಹುದು, ಹಳೆಯ ಕಾಯಿಲೆಯೂ ಮರಳಬಹುದು. ಯಾವುದು ಯಾವುದರಿಂದ ಎಂದು ಗೊತ್ತಾಗದ ಸ್ಥಿತಿಯಲ್ಲಿ ಅಪರಿಚಿತರ ನಡುವೆ ಬದುಕಿನ ಅತಿ ಕಠಿಣ ರಾತ್ರಿಯನ್ನು ಎದುರಿಸಲು ಹೊರಟಿರುತ್ತೀರಿ. ಪ್ರಯೋಗಗಳಲ್ಲಿ ಮಾತ್ರೆಗಳನ್ನು ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಹೃದಯದ ತೊಂದರೆ, ಏರಿದ ರಕ್ತದೊತ್ತಡ, ತಮಗೋ ರಕ್ತಸಂಬಂಧಿಗಳಿಗೋ ಸ್ಕಿಜೋಫ್ರೇನಿಯದಂಥ ಕಾಯಿಲೆ ಇದ್ದವರನ್ನು ಮೊದಲೇ ಸೋಸಿ ಹೊರಗಿಡುತ್ತಾರೆ. ಶಿಬಿರದವರು ನಿಮ್ಮನ್ನು ಇದರಲ್ಲಿ ಒಂದನ್ನಾದರೂ ಕೇಳಿದರೇ?

ಹಾಗಾದರೆ ಈಗ ಮಾಡುವುದೇನು. ನಿಮಗೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಈ ಶಿಬಿರದ ಯೋಚನೆ ಬಂದಿತ್ತು ಎಂದು ನೇರವಾಗಿ ಹೇಳಿ. ಬೈಯುತ್ತಾರೆಂದು ಹೆದರಬೇಡಿ, ಸದ್ಯದ ಚಿಕಿತ್ಸೆ ಸಾಲುತ್ತಿಲ್ಲ ಎಂಬ ಮಾಹಿತಿ ಅದು, ಅವರಿಗೆ ಬೇಕಾದದ್ದೇ. ನಿಮ್ಮಂಥವರಿಗೆ ನಾನು ಮೊದಲು ಯೋಚಿಸುವುದು ಪೆಟ್ರೀಷಿಯಾ ರೆಸಿಕ್ ರೂಪಿಸಿದ ಚಿಕಿತ್ಸೆಯನ್ನು. ಅದರ ಹೆಸರು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಸಾಮಾನ್ಯವಾಗಿ 12 ಭೇಟಿ. ಘಟನೆಯನ್ನು ಎಳೆಎಳೆಯಾಗಿ ಹೇಳದೆಯೇ ಅದನ್ನು ಮಾಡಬಹುದು. ಅದು ಕೈ ಹಾಕುವುದು ದೃಶ್ಯಕ್ಕಲ್ಲ, ದೃಶ್ಯದ ಬಗ್ಗೆ ನೀವು ಕೊಟ್ಟುಕೊಂಡಿರುವ ತೀರ್ಪಿಗೆ. ಖಾಲಿ ಇರುವ ಇಪ್ಪತ್ತು ನಿಮಿಷ ಅದಕ್ಕೆ ಅಡ್ಡಿಯೇ ಅಲ್ಲ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬುದೂ ಇದೆ, ಅದರಲ್ಲೂ ಮಾತು ಕಡಿಮೆ. ಇವೆರಡನ್ನೂ ಪೂರ್ತಿ ಮಾಡಿ ನೋಡಿಯೂ ಬೆಳಕಿಗೆ ಮೈ ಬೆವರುವುದು ನಿಲ್ಲದಿದ್ದರೆ, ಆಗ ಅನುಮತಿ ಪಡೆದ ಸಂಶೋಧನಾ ಪ್ರಯೋಗಕ್ಕೆ ಸೇರುವ ಬಗ್ಗೆ ನಿಮ್ಮ ವೈದ್ಯರ ಜೊತೆ ಕೂತು ಮಾತಾಡುವುದರಲ್ಲಿ ನನಗೇನೂ ತಕರಾರಿಲ್ಲ.

ರೆಸಿಕ್ ಅವರ ಚಿಕಿತ್ಸೆಯಲ್ಲಿ ಮನೆಯಲ್ಲಿ ಮಾಡಿ ತರಬೇಕಾದ ಮೊದಲ ಕೆಲಸ ಒಂದು ಪುಟದ ಬರಹ. ಅಪಘಾತವನ್ನು ವರ್ಣಿಸಬೇಕಿಲ್ಲ, ಅದು ಏಕೆ ನಡೆಯಿತೆಂದು ನೀವು ನಂಬಿದ್ದೀರಿ ಎಂಬುದನ್ನಷ್ಟೇ ಬರೆಯಬೇಕು. ನಿಮ್ಮ ಪುಟದಲ್ಲಿ, ನಾನು ಬ್ರೇಕ್ ಹಾಕಲಿಲ್ಲ ಎಂಬ ಸಾಲು ಖಂಡಿತ ಇರುತ್ತದೆ. ಚಿಕಿತ್ಸಕರು ಅಲ್ಲಿ ಬೆರಳಿಟ್ಟು ಕೇಳುತ್ತಾರೆ: ಇದು ನಿಮಗೆ ಗೊತ್ತಾದದ್ದು ಹೇಗೆ?